ವೃಷಭೇಂದ್ರನ ಗ್ಲೌಸು

ಅಲ್ಲ, ಕೇಳುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಬೆಂಚಿನ ಮೇಲೆ ಅಂಗಾತ ಮಲಗಿ, ರಾಡಿಗೆ ಎರಡೂ ಕೈ ಕೊಟ್ಟು, ಇನ್ನೇನು ಉಸಿರು ಬಿಗಿಹಿಡಿದು ಎತ್ತಬೇಕು ಅನ್ನುವಾಗ ತಲೆಯ ಹಿಂದೆ ನಿಂತವನು ಕೇಳುವ ಮಾತೇ ಅದು? ತಾಳವಾಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ತನ್ನ ಪೈಪಿನ ಅಂಗಡಿಯ ಮುಂದೆ ಬೈಕು ನಿಲ್ಲಿಸಿ, ಷಟರಿನ ಬೀಗ ತೆಗೆಯಲು ಹೋಗಿ, ಕೀಲಿ ಬೆರಳಿಗೆ ಸಿಗದೆ ಜಾರಿ ನೆಲಕ್ಕೆ ಬಿದ್ದಾಗಲೇ ವೃಷಭೇಂದ್ರನಿಗೆ ಗೊತ್ತಾದದ್ದು, ಗ್ಲೌಸು ಕೈಯಲ್ಲೇ ಇದೆ ಎಂದು. ಜಿಮ್ಮಿನಿಂದ ಹಾಗೇ ಬಂದುಬಿಟ್ಟಿದ್ದ. ದಾರಿಯಲ್ಲಿ ಯಾರು ಸಿಕ್ಕರು, ಯಾರಿಗೆ ಕೈಯೆತ್ತಿದ, ಒಂದೂ ನೆನಪಿಲ್ಲ. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಭಾರ ಎತ್ತಿದ್ದರೆ ಆ ಮಾತು ಬೇರೆ. ಇವತ್ತು ರಾಡನ್ನು ಸ್ಟ್ಯಾಂಡಿನಿಂದ ಕದಲಿಸಿಯೂ ಇರಲಿಲ್ಲ.

ಸಿದ್ದೇಶ ನಗುತ್ತಲೇ ಕೇಳಿದ್ದ. ಅದೇ ಕೆಟ್ಟದ್ದು. ಸಿಟ್ಟಿನಿಂದ ಕೇಳಿದ್ದರೆ ತಿರುಗಿ ಬೈದು ಮುಗಿಸಬಹುದಿತ್ತು. “ಅಣ್ಣ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಮೊನ್ನೆ ಗುಮಟಾಪುರದ ಸಗಣಿ ಹಬ್ಬದಲ್ಲಿ ಗುಡ್ಡೇಲಿ ಒಳ್ಳಾಡ್ದಲ್ಲ, ಸ್ಟೇಟಸ್ಗೆ ಆಕಿದ್ದಲ್ಲ, ನೋಡ್ದೆ. ಕಿವಿ ಮೂಗೆಲ್ಲ ಸಗಣಿ. ಅಲ್ಲಿ ಕೈಗೆ ಏನೂ ಇರ್ನಿಲ್ಲ. ಇಲ್ಲಿ ಮಾತ್ರ ಯಾಕಣ್ಣ ಗ್ಲೌಸು? ನಾ ಮುಟ್ಟಿರ್ತೀನಿ ಅಂತಾನಾ?” ಎಂದು ಕೇಳಿ, ತಾನು ಎಂಥ ತಮಾಷೆ ಮಾಡಿದೆ ಅನ್ನುವಂತೆ ಹಲ್ಲು ಬಿಟ್ಟಿದ್ದ. ಮಲಗಿದ್ದಲ್ಲಿಂದ ನೋಡಿದರೆ ಆ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ಹಾಗಾಗಿ ನಕ್ಕನೋ ಇಲ್ಲವೋ ಎಂದೂ ಈಗ ಅನುಮಾನ. “ಥೂ, ಏನ್ಲಾ ನಿನ್ ಮಾತು” ಎಂದಿದ್ದ ವೃಷಭೇಂದ್ರ. ಅಷ್ಟಕ್ಕೇ ನಿಲ್ಲಿಸಿ ರಾಡು ಎತ್ತಿದ್ದರೆ ಆಗಿಹೋಗುತ್ತಿತ್ತು. ಆದರೆ ರಾಡು ಬಿಟ್ಟ. ಎದ್ದು ಕೂತ. “ಅಂಗಡಿಗೆ ಲೋಡ್ ಬತ್ತದ, ಮರ್ತೇಬುಟ್ಟಿದ್ದೆ” ಎಂದು ಸುಳ್ಳು ಹೇಳಿ ಹೊರಟೇಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಯಾಕೆ ಎದ್ದುಬಂದೆ ಎಂದು ಈಗ ತನ್ನ ಮೇಲೆಯೇ ಉರಿಯಿತು. ಇವತ್ತು ಯಾವ ಲೋಡೂ ಇಲ್ಲ.

ಷಟರು ಎತ್ತಿ, ಬೀರೇಶ್ವರನ ಪಟಕ್ಕೆ ಊದುಬತ್ತಿ ಹಚ್ಚಿ, ಸ್ಟೂಲಿನ ಮೇಲೆ ಕೂತು ಗ್ಲೌಸು ಬಿಚ್ಚಿದ. ಕಪ್ಪು ಗ್ಲೌಸು, ಅಂಗೈಗೆ ದಪ್ಪ ತೊಗಲು, ಮಣಿಕಟ್ಟಿಗೆ ಪರ್ರೆಂದು ಬಿಚ್ಚುವ ಪಟ್ಟಿ. ಬೇಡ ಎಂದು ಮೊದಲು ಹೇಳಿದವನು ಜಿಮ್ಮು ನಡೆಸುವ ಚಂದ್ರು. ರಾಡಿನ ಹಿಡಿತ ಕೈಗೇ ಗೊತ್ತಾಗಬೇಕು ಅಣ್ಣ, ಗ್ಲೌಸು ಹಾಕಿದರೆ ಹಿಡಿತ ದಪ್ಪವಾಗುತ್ತದೆ, ಬೇಗ ಕೈ ಸೋಲುತ್ತದೆ, ಜಡ್ಡು ಕಟ್ಟಿದರೆ ಕಟ್ಟಲಿ, ಜಿಮ್ಮಿಗೆ ಬಂದದ್ದಕ್ಕೆ ಅದೊಂದು ಸೀಲು ಎಂದಿದ್ದ. ಹಾಕುವುದಾದರೆ ಅರ್ಧ ಬೆರಳಿನದು ಸಾಕು ಎಂದಿದ್ದ. ಇನ್ನಿಬ್ಬರು ಮೂವರು ಹಾಕುವುದೂ ಅಂಥದ್ದೇ. ಇವನದೊಂದೇ ಪೂರಾ ಬೆರಳು ಮುಚ್ಚುವ ಗ್ಲೌಸು. ಅದಕ್ಕೆ ಇವನ ಹತ್ತಿರ ಕಾರಣಗಳು ಬೇಕಾದಷ್ಟಿದ್ದವು: ತುಕ್ಕು ಹಿಡಿದ ರಾಡು, ಬೆವರು, ಚರ್ಮರೋಗ, ಹೈಜೀನು. ಹೈಜೀನು ಅಂದರೆ ಚಂದ್ರು ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಕಾರಣ, ಕೈ ಒರಟಾಗಿ ಹೆಂಡತಿ ಬೈಯುತ್ತಾಳೆ ಎನ್ನುವುದು. ಅದಕ್ಕೆ ಎಲ್ಲರೂ ನಗುತ್ತಿದ್ದರು, ಸಿದ್ದೇಶನೂ ನಗುತ್ತಿದ್ದ. ಜಡ್ಡು ಕಟ್ಟುವುದು ಅಂಗೈಗೆ ಎಂದು ಈಗ ಹೊಳೆಯಿತು. ಹಾಗಾದರೆ ಬೆರಳ ತುದಿಗೆ ಯಾಕೆ ಹೊದಿಕೆ? ಗ್ಲೌಸನ್ನು ಮೇಜಿನ ಖಾನೆಗೆ ತುರುಕಿ ಜೋರಾಗಿ ಮುಚ್ಚಿದ.

ಅಯ್ಯೋ, ಆದರೆ ಸಿದ್ದೇಶನನ್ನು ಜಿಮ್ಮಿಗೆ ಕರೆದುಕೊಂಡು ಬಂದವನೇ ತಾನಲ್ಲವೇ! ಇಬ್ಬರದೂ ಒಂದೇ ಊರು. ತನ್ನದು ಬೀರೇಶ್ವರನ ಗುಡಿಯ ಬೀದಿ, ಅವನದು ಕೆರೆಯ ಕೆಳಗಿನ ಕೇರಿ. ಅವನಪ್ಪ ತನ್ನಪ್ಪನ ಹೊಲದಲ್ಲಿ ಅರಿಸಿನ ಕಿತ್ತವನು. ಸಿದ್ದೇಶ ಓದಿ, ಕರೆಂಟು ಆಪೀಸಿನಲ್ಲಿ ವೈರ್‌ಮ್ಯಾನ್ ಆಗಿ, ಒಂದು ದಿನ ಇದೇ ಅಂಗಡಿಯ ಮುಂದಿನ ಕಂಬ ಹತ್ತಿ ಇಳಿದಾಗ, “ಒಳ್ಳೆ ತೋಳು ಕಣ್ಲಾ ನಿಂದು, ಜಿಮ್ಮಿಗ್ ಬಾ” ಎಂದು ಕರೆದದ್ದು ತಾನೇ. ‘ಉಡರ್ಪಯಿರ್ಚಿ ಕೂಡಂ’ ಎಂದು ಗಡಿಯೂರಿನ ರೂಢಿಯಂತೆ ಮೇಲೆ ತಮಿಳಿನಲ್ಲಿ, ಕೆಳಗೆ ‘ವ್ಯಾಯಾಮಶಾಲೆ’ ಎಂದು ಕನ್ನಡದಲ್ಲಿ ಬರೆಸಿದ ಬೋರ್ಡಿನ ಕೆಳಗೆ ನಿಂತು ಚಂದ್ರು, ನಾಲ್ಕು ಜನ ಏನಂತಾರೋ ಎಂದು ರಾಗ ಎಳೆದಾಗ, “ಕಬ್ಬುಣಕ್ಕೆ ಯಾವ ಜಾತಿಲಾ?” ಎಂದು ಎಲ್ಲರಿಗೂ ಕೇಳುವ ಹಾಗೆ ಗದರಿಸಿದ್ದೂ ತಾನೇ. ಆ ಮಾತು ಅವನಿಗೆ ಬಹಳ ಹಿಡಿಸಿತ್ತು. ಆಮೇಲೂ ಎರಡು ಮೂರು ಕಡೆ ಹೇಳಿಕೊಂಡಿದ್ದ. ಸಿದ್ದೇಶ ತನ್ನನ್ನು ಅಣ್ಣ ಅನ್ನುತ್ತಾನೆ, ಏಕವಚನದಲ್ಲಿ ಮಾತಾಡಿಸುತ್ತಾನೆ, ಟೀ ಅಂಗಡಿಯಲ್ಲಿ ಒಂದೇ ಬೆಂಚಿನಲ್ಲಿ ತೊಡೆಗೆ ತೊಡೆ ತಾಗಿಸಿಕೊಂಡು ಕೂರುತ್ತಾನೆ. ಇಷ್ಟೆಲ್ಲ ಆದಮೇಲೂ ಆ ಪ್ರಶ್ನೆ ಅವನ ಬಾಯಿಗೆ ಬಂತಲ್ಲ! ಎಷ್ಟು ದಿನದಿಂದ ಅದನ್ನು ಒಳಗೆ ಇಟ್ಟುಕೊಂಡು ತನ್ನ ತಲೆಯ ಹಿಂದೆ ನಿಂತಿದ್ದ? ಭಾರ ಹೆಚ್ಚಾಗಿ ತೋಳು ನಡುಗಿದಾಗಲೆಲ್ಲ ರಾಡಿಗೆ ಕೈ ಕೊಟ್ಟು ಎತ್ತಿಕೊಟ್ಟವನು ಅವನೇ. ಆಗೆಲ್ಲ ಅವನು ನೋಡುತ್ತಿದ್ದದ್ದು ಈ ಗ್ಲೌಸನ್ನೇ ಇರಬೇಕು.

ಹೊತ್ತು ಏರುವ ವೇಳೆಗೆ ಪುಟ್ಟಮಲ್ಲಮ್ಮ ಬಂದಳು. ಅವಳೂ ಊರಿನವಳೇ, ಕೆಳಗಿನ ಕೇರಿಯವಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಹೊಸ್ತಿಲಿನ ಆಚೆಯೇ ನಿಂತು, “ಆನೆ ಬಂದು ಪೈಪ್ ತುಳ್ದಾಕ್ಬುಟ್ಟದ ಬುದ್ದಿ. ಒಂದ್ ಎಲ್ಬೋ ಕೊಡಿ, ಗಮ್ ಕೊಡಿ” ಎಂದಳು. ತಾಳಮಲೆಯ ಕಡೆಯಿಂದ ಆನೆ ಇಳಿಯುವ ಕಾಲ. ಬೆಳಗಾದರೆ ಯಾರಾದರೊಬ್ಬರು ಹೀಗೆ ಬಂದೇ ಬರುತ್ತಾರೆ. ವೃಷಭೇಂದ್ರ ಹಿಂದಿನ ಗೂಡಿನಿಂದ ಪೈಪು ತಿರುಗಿಸಿ ಜೋಡಿಸುವ ಎಲ್ಬೋ ತೆಗೆದು, ಬಟ್ಟೆಯಿಂದ ಧೂಳು ಒರೆಸಿ, ಮೇಜಿನ ತುದಿಯಲ್ಲಿ ಇಡಲು ಹೋದವನು ತಡೆದು ನಿಂತ. ಇಡಲು ಹೋಗಿದ್ದು ಯಾಕೆ? ಬೆಳಿಗ್ಗೆ ಬಂದ ಗೆಟ್ಟವಾಡಿಯ ಮಹದೇವಸ್ವಾಮಿಗೆ ವಾಲ್ವನ್ನು ಕೈಗೇ ಕೊಟ್ಟಿದ್ದ; ಅವನ ಅಂಗೈ ಮೇಲೆ ಇಟ್ಟು, ಬೆರಳು ಮಡಿಸಿ, ಗಟ್ಟಿ ಮಾಲು ಕಣಣ್ಣ ಎಂದು ಹೇಳಿದ್ದೂ ನೆನಪಿಗೆ ಬಂತು. ಇವಳಿಗೆ ಮೇಜಿನ ತುದಿ. ಯಾರಿಗೆ ಕೈ, ಯಾರಿಗೆ ಮೇಜು ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ. ಕೈ ತಾನಾಗಿ ಹೋಗಿ ಇಡುತ್ತಿತ್ತು. ಅಪ್ಪ ಇದ್ದಾಗ ಹೊಲದ ಆಳುಗಳಿಗೆ ಎಲೆಅಡಿಕೆ ಕೊಡುತ್ತಿದ್ದದ್ದೂ ಹೀಗೆಯೇ, ಜಗಲಿಯ ತುದಿಯಲ್ಲಿ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು. ಅದರಲ್ಲಿ ಅಪ್ಪನಿಗೆ ಕೋಪವೂ ಇರಲಿಲ್ಲ, ಹೇಸಿಗೆಯೂ ಇರಲಿಲ್ಲ. ನಗುನಗುತ್ತಾ ಹೆಂಡಿರು ಮಕ್ಕಳ ಸುದ್ದಿ ಕೇಳುತ್ತಲೇ ಇಡುತ್ತಿದ್ದ.

ವೃಷಭೇಂದ್ರ ಎಲ್ಬೋವನ್ನು ಕೈಯಲ್ಲೇ ಹಿಡಿದು ಮುಂದಕ್ಕೆ ಚಾಚಿದ. ಪುಟ್ಟಮಲ್ಲಮ್ಮ ನೋಡುತ್ತಾ ನಿಂತಳು.

“ತಕ್ಕವ್ವ.”

“ಮಡಗಿ ಬುದ್ದಿ.”

“ಕೈಗೇ ಕೊಡ್ತಾವ್ನಿ, ಇಡ್ಕ.”

“ಅಲ್ಲೇ ಮಡಗಿ, ನಾ ಎತ್ಕತೀನಿ.”

ಅವನಿಗೆ ಹಟ ಬಂತು. ಮೇಜಿನ ಮಗ್ಗುಲಿಂದ ಸುತ್ತಿ ಬಂದು, ಇನ್ನೇನು ಅವಳ ಕೈಗೆ ಕೊಟ್ಟೇಬಿಡಬೇಕು ಎನ್ನುವಾಗ ಅವಳು ಬೆದರಿ ಹಿಂದಕ್ಕೆ ಸರಿದಳು. ಬಾಗಿಲಿಗೆ ಒರಗಿಸಿದ್ದ ಪೈಪುಗಳು ಅವಳ ಬೆನ್ನು ತಾಗಿ ದಡದಡನೆ ಬಿದ್ದವು. ಎದುರಿನ ಗೊಬ್ಬರದಂಗಡಿಯವನು ಎದ್ದು ನಿಂತು ನೋಡಿದ. “ಯಾಕ್ ಬುದ್ದಿ, ನನ್ನಿಂದ ಏನಾರ ತಪ್ಪಾಯ್ತಾ?” ಎಂದಳು ಪುಟ್ಟಮಲ್ಲಮ್ಮ. ಅಯ್ಯೋ ಶಿವನೇ, ಅವಳ ಹತ್ತಿರ ಏನು ಹೇಳುವುದು? ಎಲ್ಬೋವನ್ನೂ ಗಮ್ಮನ್ನೂ ಮೇಜಿನ ತುದಿಯಲ್ಲಿ ಇಟ್ಟ. ಅವಳು ಬಂದು ಎತ್ತಿಕೊಂಡಳು. ಅವಳ ಮುಖದಲ್ಲಿ ನಿರಾಳ ಕಂಡಿತು, ಬದುಕಿದೆ ಬಡಜೀವವೇ ಎನ್ನುವ ನಿರಾಳ. ವೃಷಭೇಂದ್ರ ಬಿದ್ದ ಪೈಪುಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಾ, ತನ್ನ ಕಿವಿ ಕಾದುಹೋಗಿರುವುದನ್ನು ಗೊಬ್ಬರದಂಗಡಿಯವನು ನೋಡದಿರಲಿ ಎಂದು ಆ ಕಡೆ ಬೆನ್ನು ಮಾಡಿಕೊಂಡ.

ಮಧ್ಯಾಹ್ನ ಊಟಕ್ಕೆ ಊರಿಗೆ ಹೊರಟಾಗ ಬಿಸಿಲು ಇದ್ದರೂ ಗಾಳಿ ತಣ್ಣಗಿತ್ತು. ದಾರಿಯುದ್ದಕ್ಕೂ ತನ್ನ ಪರವಾಗಿ ತಾನೇ ವಾದಿಸಿಕೊಂಡ. ಪುಟ್ಟಮಲ್ಲಮ್ಮನದು ಹಳೆಯ ಕಾಲದ ಭಯ, ಅದಕ್ಕೆ ತಾನೇನು ಮಾಡಲಾಗುತ್ತದೆ? ಗ್ಲೌಸಿನದು ಬೇರೆ. ಗ್ಲೌಸು ಅರ್ಚನಳಿಗಾಗಿ ತಂದದ್ದು. ಅವಳು ಕೈ ಒರಟು ಎಂದಳು, ತಾನು ತಂದೆ, ಮುಗಿಯಿತು. ಸಂಜೆ ಸಿದ್ದೇಶನಿಗೆ ಇಷ್ಟನ್ನು ಹೇಳಿದರೆ ಸಾಕು. ಬೇಕಾದರೆ ನಿನ್ನ ಅತ್ತಿಗೆಯನ್ನೇ ಕೇಳು ಎಂದರೂ ಆಯಿತು. ಈ ಯೋಚನೆ ಬಂದದ್ದೇ ಎದೆಯ ಭಾರ ಇಳಿದ ಹಾಗಾಯಿತು. ಹಳ್ಳದ ಹತ್ತಿರ ಬೈಕಿನ ವೇಗ ಹೆಚ್ಚಿಸಿ ಸಿಳ್ಳೆಯನ್ನೂ ಹಾಕಿದ. ಆದರೆ ಅವಳು ಯಾವಾಗ ಹಾಗೆ ಹೇಳಿದಳು ಎಂದು ನೆನಪು ಮಾಡಿಕೊಳ್ಳಲು ಹೋದರೆ, ಗ್ಲೌಸು ಕೊಂಡ ಚಾಮರಾಜನಗರದ ಸ್ಪೋರ್ಟ್ಸ್ ಅಂಗಡಿ ಕಣ್ಣಿಗೆ ಬರುತ್ತಿತ್ತೇ ಹೊರತು ಅರ್ಚನಳ ಮುಖ ಬರುತ್ತಿರಲಿಲ್ಲ.

ಅವಳು ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟು, ಎದುರಿಗೆ ಕೂತಾಗ ಎಡಗೈಯನ್ನು ಅವಳ ಮುಂದೆ ಚಾಚಿದ. “ನನ್ ಕೈ ಒರಟು ಅಂತಿದ್ದಲ್ಲ, ಈಗ ನೋಡು ಎಂಗದ.”

“ನಾನಾ? ನಾನ್ಯಾವತ್ತಂದೆ ಅಂಗೆ?”

“ಗ್ಲೌಸ್ ತರದ್ಕೆ ಮುಂಚೆ ಅಂದಿದ್ದಲ್ಲ ಕಣ. ನೆಪ್ಪು ಮಾಡ್ಕ.”

ಅರ್ಚನ ನಕ್ಕಳು. “ಏನ್ ನೆಪ್ಪು ಮಾಡ್ಕಳ್ಳಿ? ಗ್ಲೌಸ್ ತಂದ್ಮೇಲೆ ನೀವೇ ಬಂದು, ನೋಡು ಇನ್ಮೇಲೆ ಕೈ ಒರಟಾಗಲ್ಲ ಅಂದ್ರಿ. ಆಗ್ಲಿ ಬುಡಿ ಅಂದೆ. ನಿಮ್ ಕೈ ಒರಟಾಗದ್ಕೆ ಯಾವತ್ತು ಗುದ್ದಲಿ ಇಡ್ದಿದ್ರಿ? ಮದ್ವೆ ದಿನ ಕೈ ಇಡ್ದಾಗ ನಮ್ ಚಿಕ್ಕವ್ವನ ಕೈಗಿಂತ ಮೆತ್ಗದಲ್ಲ ಅಂದ್ಕಂಡಿದ್ದೆ.”

ಅವಳು ಸುಳ್ಳು ಹೇಳುವವಳಲ್ಲ. ವೃಷಭೇಂದ್ರನ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿಗೆ ಬಿತ್ತು. ಸ್ಪೋರ್ಟ್ಸ್ ಅಂಗಡಿಯವನು, ಪೂರಾ ಬೆರಳಿನದು ಯಾಕೆ ಸಾರ್, ಯಾರೂ ಕೇಳುವುದಿಲ್ಲ ಎಂದಿದ್ದ. ಆಗ ತಾನು, ಕೈ ಒರಟಾದರೆ ಹೆಂಡತಿ ಬೈಯುತ್ತಾಳೆ ಕಣಪ್ಪ ಎಂದು ನಕ್ಕಿದ್ದ. ಆ ಮಾತು ಹುಟ್ಟಿದ್ದೇ ಅಲ್ಲಿ, ಆ ಅಂಗಡಿಯ ಮುಂದೆ, ಆ ಕ್ಷಣಕ್ಕೆ. ಯಾರೋ ಗುರುತಿಲ್ಲದವನಿಗೆ ಹೇಳಿದ ಸುಳ್ಳನ್ನು ಊರಿಗೆ ತಂದು, ಜಿಮ್ಮಿನಲ್ಲಿ ಹಂಚಿ, ಹೆಂಡತಿಯ ಬಾಯಿಗೂ ಹಾಕಿ, ಕೊನೆಗೆ ತಾನೇ ನಂಬಿಕೊಂಡಿದ್ದ. ನಂಬಿದ್ದೇನು, ಸಂಜೆ ಅದನ್ನೇ ಸಾಕ್ಷಿಯಾಗಿ ಮುಂದಿಡಲು ಹೊರಟಿದ್ದ! ಹಾಗಾದರೆ ಗ್ಲೌಸು ಯಾಕೆ ತಂದೆ? ಏನಾದರೊಂದು ಕಾರಣ ಇರಲೇಬೇಕಲ್ಲ?

“ಅವ್ಳ್ಯಾಕ್ ಅಂದಾಳು? ಅಂದದ್ದು ನಾನು ಕಣ ಮೊಗಾ.” ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅವ್ವ ನಂಜುಂಡಮ್ಮ ಹೇಳಿದ್ದು ಅದು. ತಲೆಯೆತ್ತಿರಲಿಲ್ಲ. ಕಾಳು ಮೊರಕ್ಕೆ ಬೀಳುವ ಸದ್ದು ನಿಂತಿರಲಿಲ್ಲ.

“ನೀ ಏನ್ ಅಂದೆ?”

“ಮರ್ತ್ಬುಟ್ಯಾ? ಆ ಕೆಳಗಲ ಕೇರಿ ಹೈದ ಜಿಮ್ಮಿಗೆ ಬತ್ತಾನ, ನಾನೇ ಸೇರ್ಸ್ದಿ ಅಂತ ಬಂದು ಎದೆ ಉಬ್ಸ್ಕಂಡು ಏಳ್ದೆ. ನಾನು, ಸೇರ್ಸು ಬುಡು, ಕಾಲ ಅಂಗದ, ಬ್ಯಾಡ ಅನ್ನಕ್ಕಾದದಾ ಅಂದಿ. ಆದ್ರ ಎಲ್ರೂ ಬೆವ್ರು ಸುರಿಸೋ ಜಾಗ, ಎಲ್ರೂ ಇಡಿಯೋ ಕಬ್ಬುಣ, ಕೈಗೆ ಏನಾರ ಆಕ್ಕಂಡು ಇಡ್ಕಳಪ್ಪ ಅಂದಿ. ನೀ ಉಸ್ ಅಂತ ತಳ್ಳಾಕ್ದೆ. ಮಾರ್ನೆ ವಾರ ನಗರಕ್ಕೋದವ ತಂದ್ಕಂಡ್ ಬಂದೆ. ನನ್ ಮಗ ನಾಕ್ ಜನದ ಮುಂದ ಏನಾರ ಮಾತಾಡ್ಲಿ, ಮನೆ ಮಾತ ಮೀರ್ನಿಲ್ಲ ಅಂದ್ಕಂಡಿ.”

“ನಂಗೆ ನೆಪ್ಪೇ ಇಲ್ವಲ್ಲವ್ವ.”

“ನೆಪ್ಪು ಕಟ್ಕಂಡು ಏನಾಗ್ಬೇಕು? ಮಾಡಿದ್ಯಲ್ಲ” ಎಂದಳು ಅವ್ವ, ಮುಖದ ತುಂಬ ಸಂತೋಷ. ಇನ್ನಷ್ಟು ಸಾರು ಹಾಕವ್ವ ಅವನಿಗೆ ಎಂದು ಸೊಸೆಗೆ ಹೇಳಿದಳು.

ಅವನಿಗೆ ಊಟ ಇಳಿಯಲಿಲ್ಲ. ಹಿತ್ತಲಿಗೆ ಹೋಗಿ ಬಾಳೆಯ ತೋಟದ ಬದುವಿನಲ್ಲಿ ನಿಂತ. ಅವ್ವನ ಮೇಲೆ ಕೂಗಾಡಬೇಕು ಅನ್ನಿಸಿತು. ಆದರೆ ಅವ್ವ ಮಾಡಿದ್ದೇನು? ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳು ನಂಬಿದ್ದು ಏನು ಎಂದು ಅವಳಿಗೆ ಗೊತ್ತು, ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ತನಗೆ ಅಷ್ಟೂ ಗೊತ್ತಿಲ್ಲ! ಕಿವಿಗೆ ಬಿದ್ದ ಮಾತು, ಬಿದ್ದದ್ದೇ ಗೊತ್ತಿಲ್ಲದೆ, ಕೈಗೆ ಹೋಗಿ ಕೆಲಸ ಮಾಡಿದೆ. ಕಂಬ ಹತ್ತುವಾಗ ಸಿದ್ದೇಶನೂ ಗ್ಲೌಸು ಹಾಕುತ್ತಾನೆ, ಮೊಣಕೈವರೆಗೂ ಬರುವ ರಬ್ಬರಿನದು. ಲೈನಿನಲ್ಲಿ ಕರೆಂಟು ಇರಬಹುದು ಎಂಬ ಭಯ ಅವನಿಗೆ. ಜಿಮ್ಮಿಗೆ ಬಂದರೆ ಬರಿಗೈಯಲ್ಲೇ ಹಿಡಿಯುತ್ತಾನೆ. ಅವನ ಅಂಗೈಯ ಜಡ್ಡು ತಾನು ನೋಡಿದ್ದಾನೆ, ಮುಟ್ಟಿ ನೋಡಿಲ್ಲ. ಈ ಯೋಚನೆಯೂ ಅವನನ್ನು ಬೆಚ್ಚಿಬೀಳಿಸಿತು. ಟೀ ಅಂಗಡಿಯಲ್ಲಿ ತೊಡೆಗೆ ತೊಡೆ ತಾಗಿದೆ, ಬೈಕಿನಲ್ಲಿ ಬೆನ್ನಿಗೆ ಎದೆ ತಾಗಿದೆ, ಎಲ್ಲವೂ ಬಟ್ಟೆಯ ಮೇಲೆ. ಕೈಗೆ ಕೈ ಯಾವತ್ತಾದರೂ? ಎಷ್ಟು ಹುಡುಕಿದರೂ ಒಂದು ದಿನವೂ ನೆನಪಿಗೆ ಬರಲಿಲ್ಲ.

ಆಗಲೇ ಫೋನು ಗುಂಯ್ಗುಟ್ಟಿತು. ಸಿದ್ದೇಶನ ವಾಯ್ಸ್ ಮೆಸೇಜು. ಹಿಂದೆ ಗಾಳಿಯ ಸದ್ದು. ಎಲ್ಲೋ ಕಂಬದ ಬುಡದಲ್ಲಿ ನಿಂತು ಮಾತಾಡಿದ ಹಾಗಿತ್ತು. “ಅಣ್ಣ, ಬೆಳಗ್ಗೆ ಏನೋ ಬಾಯ್ಗೆ ಬಂದದ್ದ ಕೇಳ್ಬುಟ್ಟೆ. ತಪ್ಪಾಯ್ತು, ಮನಸ್ಗೆ ಆಕ್ಕಬ್ಯಾಡ. ಸಂಜೆ ಡ್ಯೂಟಿ ಮುಗಿಸ್ಕಂಡು ಬತ್ತೀನಿ, ನೀನೂ ಬಾ. ಚೆಸ್ಟ್ ಬಾಕಿ ಅದ.” ತಪ್ಪಾಯಿತು ಅನ್ನುತ್ತಾನೆ! ಯಾರ ತಪ್ಪು, ಯಾರು ಕೇಳುವುದು? ವೃಷಭೇಂದ್ರ ಬಾಳೆಯ ಗಿಡಕ್ಕೆ ಒರಗಿ ನಿಂತು ಇನ್ನೊಮ್ಮೆ ಕೇಳಿಸಿಕೊಂಡ. ಪುಟ್ಟಮಲ್ಲಮ್ಮ ಕೇಳಿದ್ದೂ ಇದನ್ನೇ ಅಲ್ಲವೇ, ಏನಾದರೂ ತಪ್ಪಾಯಿತೇ ಎಂದು. ಕಣ್ಣಿನಲ್ಲಿ ನೀರು ಬಂತು. ಉತ್ತರವಾಗಿ ಏನೇನೋ ಹೇಳಲು ಗುಂಡಿ ಒತ್ತಿ ಹಿಡಿದು, ಬಿಟ್ಟು, ಕೊನೆಗೆ ‘ಬತ್ತೀನಿ’ ಎಂದು ಟೈಪು ಮಾಡಿ ಕಳಿಸಿದ.

ಸಂಜೆ ಅಂಗಡಿಯಿಂದ ನೇರ ಜಿಮ್ಮಿಗೆ ಹೋದ. ಗ್ಲೌಸು ಖಾನೆಯಲ್ಲೇ ಇತ್ತು. ಒಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು, ಯಾವುದೋ ತಮಿಳು ಹಾಡು ಸಣ್ಣಗೆ ಕೇಳುತ್ತಿತ್ತು. ಚಂದ್ರು ಮೂಲೆಯಲ್ಲಿ ಪ್ಲೇಟು ಜೋಡಿಸುತ್ತಿದ್ದ. ಸಿದ್ದೇಶ ಆಗಲೇ ಬಂದು ಬೆಂಚಿನ ಮೇಲೆ ಮಲಗಿ ರಾಡು ಎತ್ತುತ್ತಿದ್ದ. ಎತ್ತಿ, ಸ್ಟ್ಯಾಂಡಿಗೆ ಕೂರಿಸಿ, ಎದ್ದು, “ಬಾ ಅಣ್ಣ” ಎಂದು ಜಾಗ ಬಿಟ್ಟ. ಬೆಳಗಿನ ಮಾತಿನ ಸುಳಿವೂ ಅವನ ಮುಖದಲ್ಲಿ ಇರಲಿಲ್ಲ. ವೃಷಭೇಂದ್ರ ಮಲಗಿದ. ಬೆನ್ನಿಗೆ ಸಿದ್ದೇಶನ ಬೆವರು ತಣ್ಣಗೆ ತಾಗಿತು. ಎರಡೂ ಕೈ ಮೇಲೆತ್ತಿ ರಾಡು ಹಿಡಿದ. ರಾಡು ಒದ್ದೆಯಾಗಿತ್ತು, ಸ್ವಲ್ಪ ಬೆಚ್ಚಗಿತ್ತು, ಹಿಡಿಯ ಕಡೆ ಗೀರುಗೀರಾಗಿ ಒರಟಾಗಿತ್ತು. ಇಷ್ಟು ಕಾಲ ಹಿಡಿದದ್ದು ಇದನ್ನೇ ಎಂದು ನಂಬಲಾಗಲಿಲ್ಲ. ಒಂದು ಸಲ ಮೈ ನಡುಗಿತು. ಸಿದ್ದೇಶ ಮೇಲಿನಿಂದ ಆ ಕೈಗಳನ್ನು ನೋಡಿದ.

ಎತ್ತಿದ. ಒಂದು, ಎರಡು, ಇನ್ನೂ ಎತ್ತಿದ. ಚಂದ್ರು ಹೇಳಿದ್ದು ನಿಜ, ಬರಿಗೈಗೆ ಹಿಡಿತ ಸಿಗುವ ಬಗೆಯೇ ಬೇರೆ. ಯಾವತ್ತಿನ ಲೆಕ್ಕ ದಾಟಿದ ಮೇಲೂ ನಿಲ್ಲಿಸಲು ಮನಸ್ಸಾಗಲಿಲ್ಲ. ಕೊನೆಯದು ಅರ್ಧಕ್ಕೆ ಬಂದು ನಿಂತಿತು. ತೋಳು ಗಡಗಡ ನಡುಗಿತು, ರಾಡು ಎದೆಯ ಕಡೆಗೆ ಇಳಿಯತೊಡಗಿತು. “ಬುಡ್ಬ್ಯಾಡ ಅಣ್ಣ, ಬುಡ್ಬ್ಯಾಡ, ನಾ ಇವ್ನಿ” ಎಂದು ಸಿದ್ದೇಶ ಬಗ್ಗಿ ರಾಡಿಗೆ ಕೈಹಾಕಿದ. ಅವನ ಕಿರುಬೆರಳು ಇವನ ಹೆಬ್ಬೆರಳಿಗೆ ಒತ್ತಿತು. ಜಡ್ಡುಗಟ್ಟಿದ, ಬಿಸಿಯಾದ, ಗಟ್ಟಿ ಬೆರಳು. ಇಬ್ಬರೂ ಸೇರಿ ಎತ್ತಿ ಕೂರಿಸಿದರು. ವೃಷಭೇಂದ್ರ ಎದ್ದು ಕೂತು ನಗತೊಡಗಿದ. ಯಾಕೆ ನಗುತ್ತಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ, ಮೈ ಹಗುರಾಗಿತ್ತು. ಬೆಳಗಿನಿಂದ ಒದ್ದಾಡಿದ್ದು ಇಷ್ಟಕ್ಕೇ, ಇಷ್ಟು ಸುಲಭಕ್ಕೇ ಅನ್ನಿಸಿತು. ಎರಡೂ ಅಂಗೈ ತೆರೆದು ಸಿದ್ದೇಶನ ಮುಖದ ಮುಂದೆ ಹಿಡಿದ. ಕೆಂಪಾಗಿದ್ದವು, ಗೀರು ಬಿದ್ದಿದ್ದವು.

“ನೋಡ್ದೇನ್ಲಾ? ಗ್ಲೌಸಿಲ್ಲ.”

“ನೋಡ್ದೆ ಕಣಣ್ಣ” ಎಂದ ಸಿದ್ದೇಶ. ದನಿ ಮೆತ್ತಗಿತ್ತು, ಶಾಲೆಯ ಮಗುವಿಗೆ ಶಹಭಾಸ್ ಅನ್ನುವಂತಿತ್ತು. ಅದೊಂದು ಸಣ್ಣಗೆ ಚುಚ್ಚಿತು. ಆದರೂ ವೃಷಭೇಂದ್ರನ ಸಂತೋಷ ಇಳಿಯಲಿಲ್ಲ. ಚಂದ್ರು ಪ್ಲೇಟು ಬಿಟ್ಟು ಬಂದು, ತುಕ್ಕಿನ ಕೈಯಲ್ಲೇ ಬಾಳೆಹಣ್ಣು ಸುಲಿದು ತಿನ್ನುತ್ತಾ, “ಇವತ್ತು ಅಣ್ಣನ ಕೈಗೆ ಜೀವ ಬಂದದ ನೋಡು” ಎಂದ. ಮೂವರೂ ನಕ್ಕರು. ನಾಳೆಯಿಂದ ಬೆಳಿಗ್ಗೆ ಬೇಗ ಬರೋಣ, ಭಾರ ಇನ್ನೂ ಏರಿಸೋಣ ಎಂದೆಲ್ಲ ವೃಷಭೇಂದ್ರ ಮಾತಾಡಿದ. ಸಿದ್ದೇಶ ತನ್ನ ನೀರಿನ ಬಾಟಲಿ ಎತ್ತಿಕೊಂಡು ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡ. ಮಾತಾಡುತ್ತಾ ಮಾತಾಡುತ್ತಾ ವೃಷಭೇಂದ್ರ ಹಿಂಬಾಗಿಲು ದಾಟಿ ಹಿತ್ತಲಿಗೆ ಹೋದ.

ಅಲ್ಲೊಂದು ಸಿಂಟೆಕ್ಸ್ ಟ್ಯಾಂಕು, ಅದರ ಬುಡದಲ್ಲಿ ನಲ್ಲಿ, ನೆಲ ಒರೆಸುವ ಬಟ್ಟೆ ಒಗೆಯಲು ಇಟ್ಟ ನೀಲಿ ಸೋಪಿನ ತುಂಡು. ಕತ್ತಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಪಡುವಣ ಕಡೆಯ ಬೆಟ್ಟದ ಮೇಲೆ ಕೆಂಪು ಉಳಿದಿತ್ತು. ಅದನ್ನೇ ನೋಡುತ್ತಾ, ನಾಳೆ ಅವ್ವನಿಗೆ ಏನು ಹೇಳಲಿ, ಖಂಡಿತವಾಗಿ ಹೇಳಲೇಬೇಕು, ಹೇಳದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಾ ನಿಂತಿದ್ದ. ಬೆರಳ ಸಂದಿಯಲ್ಲಿ ಉರಿ ಹತ್ತಿತು. ಗೀರು ಬಿದ್ದ ಅಂಗೈಗೆ ಸೋಪು ತಾಗಿ ಚುರುಗುಟ್ಟಿತು. ಕೆಳಗೆ ನೋಡಿದ.

ಎರಡೂ ಕೈಗೆ ಸೋಪು ಹಚ್ಚಿಕೊಂಡಿದ್ದ. ಬೆರಳಿನ ಸಂದಿಗೆ, ಉಗುರಿಗೆ, ಮಣಿಕಟ್ಟಿಗೆ. ಅಲ್ಲಿಗೂ ನಿಲ್ಲದೆ ಮೊಣಕೈವರೆಗೆ ನೊರೆ. ಮಸಣದಿಂದ ಬಂದವರು ಉಜ್ಜಿಕೊಳ್ಳುವ ಹಾಗೆ ಉಜ್ಜುತ್ತಿದ್ದ. ಯಾವಾಗ ಬಂದ, ಯಾವಾಗ ಸೋಪು ಎತ್ತಿಕೊಂಡ? ಜಿಮ್ಮು ಮಾಡಿದವರು ಕೈ ತೊಳೆಯುವುದಿಲ್ಲವೇ? ತೊಳೆಯುತ್ತಾರೆ, ಎಲ್ಲರೂ ತೊಳೆಯುತ್ತಾರೆ. ಚಂದ್ರು ಮಾತ್ರ ತುಕ್ಕಿನ ಕೈಯಲ್ಲೇ ಹಣ್ಣು ತಿನ್ನುತ್ತಾನೆ. ತಾನು ಈ ನಲ್ಲಿಯ ಹತ್ತಿರ ಇದುವರೆಗೆ ಬಂದೇ ಇರಲಿಲ್ಲ. ಸೋಪು ಇಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಬೇಗ ತೊಳೆದು ಹೋಗಿಬಿಡಬೇಕು ಎಂದು ನಲ್ಲಿಗೆ ಕೈ ಒಡ್ಡಿದರೆ ನೀರು ದಾರವಾಗಿ ಇಳಿದು, ತೊಟ್ಟಿಕ್ಕಿ, ನಿಂತುಹೋಯಿತು. ತಿರುಗಿಸಿದ, ಬಡಿದ. ಟ್ಯಾಂಕು ಬರಿದಾಗಿತ್ತು.

ಹಿಂಬಾಗಿಲಿನಲ್ಲಿ ಸಿದ್ದೇಶ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ! ವೃಷಭೇಂದ್ರ ನೊರೆಯ ಕೈಗಳನ್ನು ಎಲ್ಲಿ ಇಡುವುದು ಎಂದು ತಿಳಿಯದೆ ಮೈಯಿಂದ ದೂರ ಹಿಡಿದುಕೊಂಡು, “ಬೆವ್ರು ಕಣ್ಲಾ, ಸಿದ್ದೇಸ, ಬರೀ ಬೆವ್ರಿಗೆ” ಎಂದ. ಸಿದ್ದೇಶ ನಗಲಿಲ್ಲ, ಮುನಿಯಲೂ ಇಲ್ಲ.

“ನೀರ್ ನಿಂತೋಯ್ತಾ ಅಣ್ಣ? ಮದ್ಯಾನೆಲ್ಲ ಕರೆಂಟ್ ಇರ್ನಿಲ್ಲ, ಟ್ಯಾಂಕ್ ತುಂಬ್ಸಿಲ್ಲ” ಎಂದು ಹತ್ತಿರ ಬಂದ. ಕೈಯಲ್ಲಿದ್ದ ಬಾಟಲಿಯ ಮುಚ್ಚಳ ತಿರುಗಿಸಿದ. “ಒಡ್ಡು.”

ವೃಷಭೇಂದ್ರ ಬಗ್ಗಿ ಎರಡೂ ಕೈ ಜೋಡಿಸಿ ಒಡ್ಡಿದ. ಹೀಗೆ ಬೊಗಸೆಯೊಡ್ಡಿ ಬಗ್ಗಿ ನಿಂತವರನ್ನು ತನ್ನ ಮನೆಯ ಜಗಲಿಯ ಮೇಲಿಂದ ಅವನು ಎಷ್ಟೋ ಸಲ ನೋಡಿದ್ದ; ತಾನು ಎಂದೂ ನಿಂತಿರಲಿಲ್ಲ. ಸಿದ್ದೇಶ ಬಾಟಲಿಯನ್ನು ಒಂದು ಮೊಳ ಮೇಲಕ್ಕೆ ಎತ್ತಿ, ಎಲ್ಲಿಯೂ ಕೈಗೆ ಕೈ ತಾಗದ ಹಾಗೆ, ನಿಧಾನವಾಗಿ ನೀರು ಹುಯ್ದ.